ಏಳನೆಯ ಕಲ್ಲುಮಣೆ

ಆ ಊರಿನಲ್ಲಿ ಸೂರ್ಯ ಮುಳುಗಿದನೆಂದರೆ ಜನರ ತಲೆ ಬರಿದಾಗುತ್ತಿತ್ತು. ಯಾರ ಶಾಪವೋ, ಯಾವ ಗಾಳಿಯ ಗುಣವೋ, ಬಲ್ಲವರಿರಲಿಲ್ಲ. ಬೆಳಗ್ಗೆ ಎದ್ದವನಿಗೆ ತಾನು ಯಾರೆಂದು ಗೊತ್ತಿರುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿದವಳು ಯಾರೆಂದೂ ಗೊತ್ತಿರುತ್ತಿರಲಿಲ್ಲ. ಕೈಗೆ ಮಾತ್ರ ಅದರ ಕಸುಬು ನೆನಪಿರುತ್ತಿತ್ತು. ಕಾಲಿಗೆ ಒಂದೇ ಒಂದು ದಾರಿ ನೆನಪಿರುತ್ತಿತ್ತು. ಆ ದಾರಿ ಹೊರುವವರ ಮನೆಗೆ ಹೋಗುತ್ತಿತ್ತು.

ಊರ ನಡುವೆ ಇದ್ದ ಆ ಕಲ್ಲಿನ ಕಟ್ಟಡದೊಳಗೆ ನಲವತ್ತು ಕಲ್ಲುಮಣೆಗಳು, ಮಣೆಗೊಬ್ಬರಂತೆ ನಲವತ್ತು ಮಂದಿ ಹೊರುವವರು. ಊರಲ್ಲಿ ಹುಟ್ಟಿದವರ ತಲೆಯಲ್ಲಿ ಏನೂ ನಿಲ್ಲದು. ಹಾಗಾಗಿ ಹೊರಗಿನಿಂದ ಬಂದವರನ್ನೇ ಕೂರಿಸಿದ್ದರು. ಸಂಜೆ ಜನ ಬಂದು ತಮ್ಮ ದಿನವನ್ನೆಲ್ಲ ಹೊರುವವರ ಕಿವಿಯಲ್ಲಿ ಹೇಳಿ ಹೋಗುವರು. ಬೆಳಗ್ಗೆ ಬಂದು ಅವರ ಬಾಯಿಂದ ಕೇಳುವರು. ನೀನು ಕುಂಬಾರ, ಬಾವಿಯ ಪಕ್ಕದ ಮನೆ ನಿನ್ನದು, ನಿನ್ನ ಹೆಂಡತಿಗೆ ಎಡಗಿವಿ ಕೇಳಿಸದು, ನಿನ್ನೆ ಮಗಳಿಗೆ ಜ್ವರವಿತ್ತು. ಕೇಳಿದವನು ಮತ್ತೆ ಕುಂಬಾರನಾಗುವನು, ಮತ್ತೆ ಅಪ್ಪನಾಗುವನು, ಮಗಳ ಹಣೆ ಮುಟ್ಟಲು ಮನೆಗೆ ಓಡುವನು.

ಆ ಮನೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬಳು ಕೂಗುವಾಕೆ. ಬಾಗಿಲ ಮೇಲಿನ ತೊಲೆಕಲ್ಲಿನಲ್ಲಿ ಕೊರೆದ ಗುರುತುಗಳನ್ನು ನೋಡಿ ನಸುಕಿಗೇ ಒಂದೊಂದು ಮಣೆಯನ್ನೂ ಕೂಗುವುದು ಅವಳ ಕೆಲಸ. ಕೂಗಿದ ಮಣೆಯಿಂದ "ಇದ್ದೇನೆ" ಎಂದು ಬರಬೇಕು. ಕಲ್ಲಿನಲ್ಲಿ ಕೊರೆಯದ ಮಣೆಯನ್ನು ಅವಳು ಕೂಗುತ್ತಿರಲಿಲ್ಲ. ಅವಳು ಕೂಗದ ಮಣೆ ಊರಿನ ಪಾಲಿಗೆ ಇಲ್ಲ.

ಇನ್ನೊಬ್ಬ ಕೂರಿಸುವವನು. ಅವನೂ ಹೊರಗಿನವನೇ. ಯೌವನದಲ್ಲಿ ಹೊರುವವನಾಗಲೆಂದೇ ಬಂದಿದ್ದ. ಆದರೆ ಯಾವ ಮಣೆ ಏನು ಹೊತ್ತಿದೆ, ಹೊಸಬರನ್ನು ಹೇಗೆ ಕೂರಿಸಬೇಕು ಎಂದು ತಿಳಿದವರೊಬ್ಬರು ಬೇಕಲ್ಲ. ಹಾಗಾಗಿ ಅವನ ತಲೆಯನ್ನು ಅವನಿಗೇ ಬಿಟ್ಟಿದ್ದರು. ತಾವು ನಿನ್ನೆ ಯಾರಾಗಿದ್ದೆವೆಂದು ತಿಳಿಯದ ಜನರ ನಡುವೆ ಅವನೊಬ್ಬ ಮೂವತ್ತೈದು ವರ್ಷಗಳ ಎಲ್ಲವನ್ನೂ ಇಟ್ಟುಕೊಂಡು ಓಡಾಡುತ್ತಿದ್ದ. ಅವನಿಗೆ ಗೆಳೆಯರಿರಲಿಲ್ಲ. ದಿನಾ ಬೆಳಗ್ಗೆ ಊರಿನವರು ಅವನನ್ನು ಮೊದಲ ಸಲ ಕಂಡಂತೆ ಕಾಣುತ್ತಿದ್ದರು.

ಊರು ಬೆಳೆಯಿತು. ಹೇಳುವವರು ಹೆಚ್ಚಾದರು, ಹೊರುವವರು ನಲವತ್ತೇ ಉಳಿದರು. ಒಂದು ವರ್ಷ ಅವರು ತುಂಬಿ ತುಳುಕತೊಡಗಿದರು. ಹೊಲದ ಎಲ್ಲೆ ಎಲ್ಲಿಯದೆಂದು ಕೇಳಿದವನಿಗೆ ಹನ್ನೊಂದನೆಯ ಮಣೆಯವಳು ಬೇರೆ ಯಾರದೋ ಜೋಗುಳ ಹಾಡಿದಳು. ಇಪ್ಪತ್ತನೆಯವನು ಬಾಯಿ ತೆರೆದರೆ ಬರೀ ಗೊರಗೊರ. ಒಬ್ಬ ತಾಯಿಯ ಮಗ ತೀರಿಕೊಂಡ ಸಂಗತಿ ಯಾರ ತಲೆಯಲ್ಲೂ ಹಿಡಿಸಲಿಲ್ಲ. ಅವಳು ದಿನಾ ಬಂದು ಮಗನ ಸುದ್ದಿ ಕೇಳುವಳು. ಮಗ ಹೊಲಕ್ಕೆ ಹೋಗಿದ್ದಾನೆ ಎಂಬ ಹಳೆಯ ಮಾತೇ ಬರುವುದು. ಅವಳು ಮನೆಗೆ ಹೋಗಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವಳು. ಒಬ್ಬ ಹೊರುವವ ಸತ್ತಾಗಲಂತೂ ಒಂದು ಕೇರಿಗೆ ಕೇರಿಯೇ ಬರಿದಾಯಿತು. ಆ ಕೇರಿಯ ಜನ ಬೀದಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

ಮುಖಂಡರು ಕೂಡಿದರು. ಹೊಸದಾಗಿ ಏಳು ಮಣೆ ಹಾಕಬೇಕೆಂದು ತೀರ್ಮಾನವಾಯಿತು. ಆದರೆ ಈ ಸಲ ಬೇರೆ ಬಗೆಯಲ್ಲಿ, ಎಂದ ಕೂರಿಸುವವನು. ಅವನು ಅದನ್ನು ವರ್ಷಗಟ್ಟಲೆ ಯೋಚಿಸಿ ಇಟ್ಟುಕೊಂಡಿದ್ದ. ಆರು ಮಂದಿ ಮಾತ್ರ ಊರಿನ ಮಾತನ್ನು ಹೊರುವುದು. ಏಳನೆಯವರು ಆ ಆರು ಮಂದಿಯ ಮಾತನ್ನು ಒಟ್ಟಿಗೆ ಹೆಣೆದು ಒಂದೇ ಗುನುಗಾಗಿ ಇಟ್ಟುಕೊಳ್ಳುವುದು. ಆರರಲ್ಲಿ ಒಬ್ಬರು ಸತ್ತರೆ, ಆ ಗುನುಗಿನಿಂದ ಉಳಿದ ಐವರ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗುವುದು. ಕೊನೆಗೆ ಕೈಯಲ್ಲಿ ಉಳಿಯುವ ಎಳೆ ಸತ್ತವರದು. ಅದನ್ನು ಹೊಸಬರ ತಲೆಯಲ್ಲಿ ಇಟ್ಟರಾಯಿತು. ಇನ್ನು ಮುಂದೆ ಕೇರಿ ಬರಿದಾಗುವುದಿಲ್ಲ. ಮುಖಂಡರು ಹೌದೆಂದರು, ಸಂಜೆ ಆ ಮಾತನ್ನು ಹೊರುವವರಿಗೆ ಒಪ್ಪಿಸಿ ಮನೆಗೆ ಹೋಗಿ ಮರೆತರು.

ಆ ಮಳೆಗಾಲದಲ್ಲಿ ಗುಡ್ಡದಾಚೆಯ ಒಂದು ಹಟ್ಟಿಯ ಮೇಲೆ ಗುಡ್ಡವೇ ಜಾರಿ ಬಿದ್ದಿತ್ತು. ಉಳಿದವರು ಏಳು ಮಂದಿ. ಮೈಮೇಲಿನ ಕೆಸರು ಒಣಗುವ ಮೊದಲೇ ಅವರು ಊರಿಗೆ ಬಂದರು. ಇಲ್ಲಿ ನೆನಪನ್ನು ತೊಳೆಯುತ್ತಾರಂತೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಕೂರಿಸುವವನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಮಣೆಯ ಮೇಲೆ ಕೂತರೆ ಮತ್ತೆ ಏಳುವಂತಿಲ್ಲ. ಅನ್ನ ಉಂಟು, ಸೂರು ಉಂಟು, ಆದರೆ ತಲೆಯಲ್ಲಿ ನಿಮ್ಮದೆಂಬುದು ಒಂದು ಕಾಳೂ ಇರುವಂತಿಲ್ಲ. ಆರು ಮಂದಿ ಅವನ ಮಾತು ಮುಗಿಯುವ ಮೊದಲೇ ತಲೆಯಾಡಿಸಿದರು. ಏಳನೆಯವಳು ಮಾತ್ರ ನೆಲ ನೋಡುತ್ತಿದ್ದಳು.

ಬರಿದು ಮಾಡುವ ಕೆಲಸ ಮನೆಯ ಹಿತ್ತಿಲಲ್ಲಿ, ಕಾಲುವೆಯ ದಡದಲ್ಲಿ. ಎದುರಿಗೆ ಸುಣ್ಣ ಬಳಿದ ಬಿಳಿಗೋಡೆ. ಬಂದವರು ಕಾಲುವೆಯಲ್ಲಿ ಕಾಲು ಇಳಿಬಿಟ್ಟು, ಬಿಳಿಗೋಡೆಯನ್ನೇ ನೋಡುತ್ತ, ನೆನಪಿನ ತುದಿಯಿಂದ ಬುಡದವರೆಗೆ ಎಲ್ಲವನ್ನೂ ನೀರಿಗೆ ಹೇಳಬೇಕು. ನೀರಿಗೆ ಹೇಳಿದ್ದು ನೀರಿನೊಡನೆ ಹೋಗುತ್ತಿತ್ತು. ಪಕ್ಕದಲ್ಲಿ ಕೂರಿಸುವವನು ಕೂತಿರುತ್ತಿದ್ದ. ಎಲ್ಲ ಮುಗಿದ ಮೇಲೆ ಮೂರು ಸಲ "ಯಾರು ನೀನು?" ಎಂದು ಕೇಳುತ್ತಿದ್ದ. ಮೂರು ಸಲವೂ ಅವನ ಪ್ರಶ್ನೆಯೇ ಅವನಿಗೆ ಮರಳಿ ಬಂದರೆ ತಲೆ ಬರಿದಾಗಿದೆ ಎಂದು ಅರ್ಥ. ನಲವತ್ತಕ್ಕೂ ಹೆಚ್ಚು ಮಂದಿಯನ್ನು ಅವನು ಹೀಗೆ ಬರಿದು ಮಾಡಿದ್ದ. ಅವರು ನೀರಿಗೆ ಹೇಳಿದ್ದೆಲ್ಲ ಅವನ ಕಿವಿಗೂ ಬಿದ್ದಿತ್ತು. ನೀರು ಹರಿದು ಹೋಯಿತು. ಅವನು ಅಲ್ಲೇ ಉಳಿದ.

ಆರು ಮಂದಿ ಮೂರು ದಿನಕ್ಕೆ ಮುಗಿದರು. ಮೂರನೆಯವನು, ತೆಳ್ಳಗಿನ ಕಲ್ಲುಕುಟಿಗ, ಹೇಳುತ್ತ ಹೇಳುತ್ತ ನಕ್ಕ, ಅಷ್ಟು ಹಗುರಾಗಿದ್ದ. ಏಳನೆಯವಳು ಮಾತ್ರ ಏಳು ದಿನ ಕೂತಳು. ತವರು ಕೊಟ್ಟಳು. ಕಲ್ಲು ಬಿದ್ದು ಸತ್ತ ಗಂಡನನ್ನು ಕೊಟ್ಟಳು. ಮಗಳು ಹುಟ್ಟಿದ್ದು, ಮೊದಲ ಹಲ್ಲು ಬಂದದ್ದು, ಗೋಡೆ ಹಿಡಿದು ನಡೆದದ್ದು, ಎಲ್ಲ ಕೊಟ್ಟಳು. ಏಳನೆಯ ದಿನ ಅವನು ಕೇಳಿದ. ಎರಡು ಸಲ ಪ್ರಶ್ನೆ ಮರಳಿ ಬಂತು. ಮೂರನೆಯ ಸಲ ಅವಳು ಬಾಯಿ ಮುಚ್ಚಿದಳು.

"ಇನ್ನೇನೋ ಉಳಿದಿದೆ, ತಂಗಿ," ಅಂದ.

"ಒಂದ ಐತಿ, ಅಣ್ಣಾ. ಅದನ್ನ ಕೊಡೂದಿಲ್ಲ."

ಅವಳು ಬಿಳಿಗೋಡೆಯಿಂದ ಕಣ್ಣು ಕೀಳದೆ, ನೀರಿನಿಂದ ಕಾಲು ಮೇಲಕ್ಕೆತ್ತಿಕೊಂಡು, ಅವನಿಗಷ್ಟೇ ಹೇಳಿದಳು. ಆ ಬೆಳಗ್ಗೆ ಅವಳು ಕೆಳಗಿನ ಒರತೆಗೆ ನೀರಿಗೆ ಹೊರಟಿದ್ದಳು. ಮಗಳು ಬೆನ್ನು ಹತ್ತಿ ಬಂದು ಕೆಸರಿನಲ್ಲಿ ಜಾರಿಯಾಳೆಂದು ಹೊರಗಿನಿಂದ ಅಗುಳಿ ಹಾಕಿದಳು. ಒಳಗಿನಿಂದ ಮಗು ಅಂದಿತು, ಅವ್ವಾ, ನಾನೂ ಬರ್ತೀನಿ. ಅವಳು ಕೊಡ ಎತ್ತಿಕೊಂಡು ಹೋದಳು. ಕೊಡ ತುಂಬುವಷ್ಟರಲ್ಲಿ ಗುಡ್ಡ ಬಂತು.

ಅವನಿಗೆ ಅರ್ಥವಾಗಲಿಲ್ಲ. ಮಗಳ ನಗು ಕೊಟ್ಟೆ, ಮುಖ ಕೊಟ್ಟೆ, ಹೆಸರನ್ನೂ ಕೊಟ್ಟೆ, ಉಳಿಸಿಕೊಳ್ಳುವುದಾದರೆ ಅವುಗಳಲ್ಲೊಂದನ್ನು ಉಳಿಸಿಕೊಳ್ಳಬಾರದಿತ್ತೇ ಎಂದು ಕೇಳಿದ. ಈ ಮುಳ್ಳನ್ನೇ ಯಾಕೆ ಹಿಡಿದು ಕೂತಿದ್ದೀಯೆಂದ.

"ಆಕಿನ್ನ ಬಾಗಿಲ ಹಿಂದ ಬಿಟ್ಟು ಒಮ್ಮೆ ಹೋಗೀನಿ, ಅಣ್ಣಾ," ಅಂದಳು. "ಎರಡನೇ ಸಲ ಹೋಗೂದಿಲ್ಲ."

ನಿಯಮ ಅವನಿಗೆ ಗೊತ್ತಿತ್ತು. ನಿಯಮ ಮಾಡಿದವರು ಸತ್ತು ಮರೆತುಹೋದ ಮೇಲೂ ಅದನ್ನು ಬಲ್ಲವನು ಅವನೊಬ್ಬನೇ. ಒಂದು ಮಾತು, ಒಂದು ಅಗುಳಿ. ಊರಿಗೆ ಊರನ್ನೇ ಹೊರುವ ತಲೆಯಲ್ಲಿ ಅಷ್ಟು ಎಲ್ಲೋ ಮೂಲೆಯಲ್ಲಿ ಬಿದ್ದಿದ್ದರೆ ಏನಾದೀತು ಎಂದುಕೊಂಡ. ಈ ಇಡೀ ಊರಿನಲ್ಲಿ ತನ್ನಂತೆ ತನ್ನದನ್ನು ತಾನೇ ಇಟ್ಟುಕೊಂಡವಳು ಇನ್ನೊಬ್ಬಳಿರುತ್ತಾಳೆ ಎಂಬುದೂ ಮನಸ್ಸಿನಲ್ಲಿ ಸುಳಿಯಿತು. ಅದನ್ನು ಅವನು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ.

ಮೂಡಣ ಬದಿಯಲ್ಲಿ ಗೋಡೆ ಒಡೆದು ಕಟ್ಟಿದ ಹೊಸ ಕೋಣೆಯಲ್ಲಿ ಏಳು ಮಣೆ ಹಾಕಿದರು. ಹಳೆಯ ನಲವತ್ತು ಮಂದಿ ಹೊತ್ತದ್ದು ಜಾರದಂತೆ ಬಾಯೊಳಗೇ ಮಾಡುತ್ತಿದ್ದ ಗುಂಯ್‌ಗುಡುವಿಕೆ ಒಂದು ಗಳಿಗೆಯೂ ನಿಲ್ಲದಂತೆ ನೋಡಿಕೊಂಡು, ಸದ್ದಿಲ್ಲದೆ ಒಬ್ಬೊಬ್ಬರನ್ನೇ ಕೂರಿಸಿದರು. ತೊಲೆಕಲ್ಲಿನಲ್ಲಿ ಏಳು ಹೊಸ ಗುರುತು ಕೊರೆದರು. ಕೂಗುವಾಕೆ ಬಂದು ನಿಂತು, ಎಲ್ಲರೂ ಬರಿದೋ ಎಂದು ಕೇಳಿದಳು.

"ಏಳೂ ಬರಿದು," ಎಂದ ಕೂರಿಸುವವನು.

ಅವಳು ಕೂಗಿದಳು. ಏಳು ಬಾಯಿಗಳು ಇದ್ದೇನೆ ಎಂದವು. ಹಳೆಯವರ ತಲೆಯಿಂದ ಹೆಚ್ಚಾದದ್ದನ್ನು ಹೊಸಬರ ತಲೆಗೆ ತುಂಬಲು ಹನ್ನೆರಡು ದಿನ ಹಿಡಿಯಿತು. ಏಳನೆಯವಳು ಗುನುಗುತ್ತ ಹೋದಳು. ಹನ್ನೊಂದನೆಯ ಮಣೆಯವಳ ನಾಲಿಗೆ ಹಿಡಿತಕ್ಕೆ ಬಂತು. ಇಪ್ಪತ್ತನೆಯವನ ಗೊರಗೊರ ನಿಂತಿತು. ಮಗ ಸತ್ತ ತಾಯಿಗೆ ಕಡೆಗೂ ಸುದ್ದಿ ಮುಟ್ಟಿತು. ಅವಳು ಅತ್ತು, ಬುತ್ತಿ ಕಟ್ಟುವುದನ್ನು ಬಿಟ್ಟಳು. ಊರು ನೆಮ್ಮದಿಯಿಂದಿತ್ತು. ಕೂರಿಸುವವನು ಸಂಜೆಗಳಲ್ಲಿ ಹೊಸ ಕೋಣೆಯ ಹೊಸ್ತಿಲ ಮೇಲೆ ಕೂರುವ ರೂಢಿ ಮಾಡಿಕೊಂಡ. ಏಳನೆಯವಳು ಅವನೊಡನೆ ಮಾತಾಡುತ್ತಿರಲಿಲ್ಲ, ಗುನುಗುವವರು ಮಾತಾಡುವಂತಿರಲಿಲ್ಲ. ಆದರೆ ಒಮ್ಮೊಮ್ಮೆ ಅವಳ ಬಲಗೈ ತೊಡೆಯ ಮೇಲೆ ಏನನ್ನೋ ಸರಿಸಿದಂತೆ ಆಡುವುದು. ಅಗುಳಿ ಹಾಕುತ್ತಿದ್ದಾಳೋ ತೆಗೆಯುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಎರಡನೆಯ ವರ್ಷದ ಚಳಿಯಲ್ಲಿ ಹೊಸ ಕೋಣೆಯ ಮೂರನೆಯವನು ಸತ್ತ. ಬೆಳಗ್ಗೆ ಕೂಗುವಾಕೆ ಕೂಗಿದಳು, ಉತ್ತರ ಬರಲಿಲ್ಲ. ಅವನು ಹೊತ್ತದ್ದು ತೆಂಕಣ ಕೇರಿಯನ್ನು, ನೂರು ಮನೆ. ನೂರು ಮನೆಯವರು ಬಾಗಿಲಲ್ಲಿ ಬಂದು ನಿಂತಿದ್ದರು, ತಾವು ಯಾರೆಂದು ತಿಳಿಯದೆ.

ಯಾರೂ ಗಾಬರಿಯಾಗಲಿಲ್ಲ. ಇದಕ್ಕೆಂದೇ ಅಲ್ಲವೇ ಏಳನೆಯ ಮಣೆ ಇದ್ದದ್ದು. ದಾರಿಹೋಕನೊಬ್ಬನನ್ನು ಬರಿದು ಮಾಡಿ ಸತ್ತವನ ಮಣೆಯ ಮೇಲೆ ಕೂರಿಸಿದರು. ಆಮೇಲೆ ಕೂರಿಸುವವನು ನಡುವೆ ಕೂತು ಬಿಡಿಸತೊಡಗಿದ. ಮೊದಲನೆಯವಳ ಎಳೆ ತೆಗೆದ, ಎರಡನೆಯವನದು ತೆಗೆದ, ನಾಲ್ಕು, ಐದು, ಆರು ತೆಗೆದ. ಉಳಿದದ್ದೆಲ್ಲ ಸತ್ತವನದೇ ಎಂಬುದು ಲೆಕ್ಕ. ಏಳನೆಯವಳು ಕಣ್ಣು ಮುಚ್ಚಿ ಉಳಿದದ್ದನ್ನು ಹೇಳುತ್ತ ಹೋದಳು, ದಾರಿಹೋಕ ತುಂಬಿಕೊಳ್ಳುತ್ತ ಹೋದ. ಅರ್ಧ ದಾರಿಯಲ್ಲಿ ಕೂರಿಸುವವನಿಗೆ ಹೊಳೆಯಿತು. ಯಾರ ಎಳೆಗೂ ಸೇರದ ಒಂದು ಎಳೆ ಆ ಗುನುಗಿನಲ್ಲಿತ್ತು. ನಿಲ್ಲಿಸಿದರೆ ನೂರು ಮನೆ ಬೀದಿಯಲ್ಲಿ ನಿಲ್ಲುತ್ತದೆ. ಅವನು ನಿಲ್ಲಿಸಲಿಲ್ಲ.

ಮರುದಿನ ಬೆಳಗ್ಗೆ ತೆಂಕಣ ಕೇರಿಯ ನೇಕಾರ ಬಂದ. ನೀನು ನೇಕಾರ, ಹುಣಸೆಮರದ ಎದುರು ನಿನ್ನ ಮನೆ, ನಿನ್ನೆ ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿದೆ, ಬಾಗಿಲ ಅಗುಳಿ ಹಾಕಿ ನೀರಿಗೆ ಹೋದೆ, ಒಳಗಿನಿಂದ ಮಗು ನಾನೂ ಬರ್ತೀನಿ ಅಂದಿತು. ನೇಕಾರ ಮನೆಗೆ ಓಡಿದ. ಮದುವೆಯಾಗದ ಮಡಿವಾಳನಿಗೂ ಅದನ್ನೇ ಹೇಳಿದರು, ಅವನೂ ಓಡಿದ. ಎಂಬತ್ತು ವರ್ಷದ ಮುದುಕಿಗೆ ಹೇಳಿದರು. ಅವಳು ಗೋಡೆ ಹಿಡಿದುಕೊಂಡು, ಬಿದ್ದು ಎದ್ದು ಹೋದಳು. ನೂರು ಬಾಗಿಲುಗಳು ದಡದಡ ತೆರೆದವು. ಕೆಲವು ಮನೆಗಳಲ್ಲಿ ಮಕ್ಕಳು ಬೆಚ್ಚಿಬಿದ್ದು ನೋಡಿದವು. ಹೆಚ್ಚಿನ ಮನೆಗಳಲ್ಲಿ ಯಾರೂ ಇರಲಿಲ್ಲ. ಇಲ್ಲದ ಮಗುವನ್ನು ಹುಡುಕಿದವರ ಗೋಳು ಹೆಚ್ಚಿನದು. ಮಡಿವಾಳ ಕೊಳೆಬಟ್ಟೆಯ ಗಂಟುಗಳನ್ನೆಲ್ಲ ಬಿಚ್ಚಿ ನೋಡಿದ.

ಸಂಜೆ ಅವರು ಆ ದಿನದ ದುಃಖವನ್ನು ಹೊರುವವರಿಗೆ ಒಪ್ಪಿಸಿದರು. ಅವರೊಡನೆ ಹುಡುಕಲು ಬಂದ ಪಕ್ಕದ ಕೇರಿಯವರೂ ಒಪ್ಪಿಸಿದರು. ಹೀಗೆ ಅದು ಒಂದು ಮಣೆಯಿಂದ ಇನ್ನೊಂದು ಮಣೆಗೆ, ಹೊಸ ಕೋಣೆಯಿಂದ ಹಳೆಯದಕ್ಕೆ ಹಬ್ಬಿತು. ಎಂಟನೆಯ ದಿನದ ಹೊತ್ತಿಗೆ ಬೆಳಗ್ಗೆ ಎದ್ದು ತಾನು ಯಾರೆಂದು ಕೇಳಿದ ಪ್ರತಿಯೊಬ್ಬರೂ, ತಾನು ಒಂದು ಮಗುವನ್ನು ಒಳಗೆ ಕೂಡಿಹಾಕಿ ಹೋದೆನೆಂದು ಹೊರುವವರ ಬಾಯಿಂದ ಕೇಳಿಸಿಕೊಳ್ಳುತ್ತಿದ್ದರು. ಜನ ಅಗುಳಿಗಳನ್ನು ಕಿತ್ತರು. ಆಮೇಲೆ ಬಾಗಿಲುಗಳನ್ನೇ ಕಿತ್ತು ಬೀದಿಯಲ್ಲಿ ಒಟ್ಟಿದರು. ಬಾಗಿಲಿಲ್ಲದ ಮನೆಗಳಲ್ಲಿ ಚಳಿಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತಿತ್ತು. ಹೆಂಗಸರು ನೀರಿಗೆ ಹೋಗಲು ಅಂಜಿದರು. ಕೊಡಗಳು ಒಣಗಿದವು.

ಮುಖಂಡರು ಹೊರುವವರ ಮನೆಗೆ ಬಂದರು. ಅವರ ಕಣ್ಣುಗಳೂ ಅತ್ತು ಊದಿಕೊಂಡಿದ್ದವು. ಇದು ಯಾರ ನೆನಪು ಎಂದು ಕೇಳಿದರು. ಕೂಗುವಾಕೆ ಕೂರಿಸುವವನ ಮುಖ ನೋಡಿದಳು. ಅವಳು ಬಲ್ಲದ್ದು ಗುರುತುಗಳನ್ನು ಮಾತ್ರ, ಆದರೆ ಆ ದಿನ ಅವಳಿಗೂ ತಿಳಿದಂತಿತ್ತು.

"ಏಳೂ ಬರಿದು ಅಂದಿದ್ದೆ ಎಂದು ಹೊರುವವರು ಹೇಳುತ್ತಾರಲ್ಲ, ತಮ್ಮಾ," ಅಂದಳು.

"ಆರು," ಎಂದ ಅವನು.

ಎಲ್ಲರನ್ನೂ ತೊಳೆಯುವಂತಿರಲಿಲ್ಲ, ಎಲ್ಲರನ್ನೂ ತೊಳೆದರೆ ಊರೇ ಹೋಗುತ್ತಿತ್ತು. ಹಬ್ಬಿದ್ದು ಹಬ್ಬಿತು, ಅದನ್ನು ಹೊತ್ತುಕೊಂಡೇ ಬದುಕಬೇಕೆಂದು ಮುಖಂಡರು ಗೊತ್ತುಮಾಡಿದರು. ಆದರೆ ನಾಳೆ ಇನ್ನೊಬ್ಬರು ಸತ್ತರೆ ಇದೇ ಎಳೆ ಮತ್ತೆ ಹೊಸದಾಗಿ ಬಂದು ಸೇರುತ್ತದೆ. ಬೇರನ್ನಾದರೂ ಕೀಳಬೇಕು. ಏಳನೆಯವಳನ್ನು ಮತ್ತೆ ಕಾಲುವೆಗೆ ಇಳಿಸು, ಅವಳ ಗುನುಗನ್ನು ಆರು ಮಂದಿಯಿಂದ ಮತ್ತೆ ಹೆಣೆಯಬಹುದು ಎಂದರು. ಸುಳ್ಳು ಹೇಳಿದ್ದಕ್ಕೆ ಅವನಿಗೆ ಏನು ಶಿಕ್ಷೆಯೆಂದು ನಾಳೆ ನೋಡೋಣ ಅಂದರು. ಆ ಸಂಜೆ ಅವನ ತಪ್ಪನ್ನು ಹೊರುವವರಿಗೆ ಒಪ್ಪಿಸುವುದು ಯಾರಿಗೂ ನೆನಪಾಗಲಿಲ್ಲ. ಆ ನಾಳೆ ಬಂದಾಗ ಮುಖಂಡರ ಕಣ್ಣಿಗೆ ಅವನು ಯಾರೋ ಒಬ್ಬ ಮುದುಕನಾಗಿದ್ದ, ಅಷ್ಟೆ.

ಅವನು ಏಳನೆಯವಳ ಕೈಹಿಡಿದು ಎಬ್ಬಿಸಿದ. ಎರಡು ವರ್ಷ ಕೂತು ಅವಳ ಕಾಲುಗಳು ಮರಗಟ್ಟಿದ್ದವು. ಹಿತ್ತಿಲಿಗೆ ನಡೆಸಿಕೊಂಡು ಬಂದು ಕಾಲುವೆಯ ದಡದಲ್ಲಿ ಕೂರಿಸಿದ. ಬಾಗಿಲಿಲ್ಲದ ಊರಿನಿಂದ ಅಳುವ ಸದ್ದು ಬರುತ್ತಿತ್ತು. ಅವಳು ಕೇಳಿಸಿಕೊಂಡಳು.

"ಎಲ್ಲಾರೂ ಆಕಿಗೇ ಅಳಾಕತ್ತಾರೇನ?" ಎಂದು ಕೇಳಿದಳು.

ಹೌದೆಂದ. ಎಲ್ಲರೂ ನಿನ್ನ ಮಗಳಿಗಾಗಿ ಬಾಗಿಲು ತೆರೆದಿಟ್ಟಿದ್ದಾರೆ, ಅವಳನ್ನು ಒಳಗೆ ಬಿಟ್ಟು ಇನ್ನು ಯಾರೂ ಹೋಗುವುದಿಲ್ಲ ಎಂದ. ಅವಳು ಒಪ್ಪಲಿ ಎಂದು ಅಂದನೋ, ಅದು ನಿಜವೆಂದು ಅಂದನೋ, ಅವನಿಗೇ ಗೊತ್ತಿರಲಿಲ್ಲ. ಅವಳು ಕಾಲು ನೀರಿಗೆ ಇಳಿಬಿಟ್ಟಳು. ಗುನುಗನ್ನೆಲ್ಲ ನೀರಿಗೆ ಬಿಟ್ಟು, ಕೊನೆಗೆ ಬಾಗಿ, ತುಟಿ ನೀರಿಗೆ ತಾಗುವಷ್ಟು ಬಾಗಿ, ಉಳಿದ ಆ ಒಂದನ್ನು ಹೇಳಿದಳು. ಅಷ್ಟು ಮೆಲ್ಲಗೆ ಹೇಳಿದಳೆಂದರೆ, ಎಲ್ಲರದನ್ನೂ ಕೇಳಿಸಿಕೊಂಡಿದ್ದ ಅವನ ಕಿವಿಗೆ ಅದೊಂದು ಬೀಳಲಿಲ್ಲ.

ಮೂರು ಸಲ ಕೇಳಿದ. ಯಾರು ನೀನು. ಮೂರು ಸಲವೂ ಅವನ ಪ್ರಶ್ನೆಯೇ, ಅವನದೇ ದನಿಯ ಏರಿಳಿತದಲ್ಲಿ, ಅವನಿಗೆ ಮರಳಿ ಬಂತು.

ಅವಳನ್ನು ಮಣೆಗೆ ಮರಳಿಸಿದರು. ಆರು ಮಂದಿ ತಮ್ಮ ತಮ್ಮ ಮಾತನ್ನು ಹೇಳಿದರು, ಅವಳು ಮತ್ತೆ ಹೆಣೆದಳು. ಮೂರು ದಿನದಲ್ಲಿ ಗುನುಗು ತುಂಬಿಬಂತು. ಮೂರನೆಯ ದಿನ ಮಧ್ಯಾಹ್ನ, ಕೇಳುವವರೂ ಹೇಳುವವರೂ ಇಲ್ಲದ ಹೊತ್ತಿನಲ್ಲಿ, ಅವಳು ಗುನುಗುವುದನ್ನು ನಿಲ್ಲಿಸಿ ಹೊಸ್ತಿಲ ಮೇಲೆ ಕೂತಿದ್ದ ಕೂರಿಸುವವನತ್ತ ತಿರುಗಿದಳು. ಹಾಗೆ ನಿಲ್ಲಿಸುವಂತಿರಲಿಲ್ಲ. ಅವನು ತಡೆಯಲಿಲ್ಲ.

"ಅಯ್ಯಾ, ಇದೇನು, ಎಲ್ಲರ ಮಾತಿನಲ್ಲೂ ಒಂದೇ ಮಗು ಬರುತ್ತದೆ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಈಗ ಗುಡ್ಡದಾಚೆಯ ರಾಗವಿರಲಿಲ್ಲ. ಊರಿನವರು ತುಂಬಿದ ಮಾತನ್ನೇ ಆಡುತ್ತಿದ್ದಳು.

ಒಂದು ಮಗು ಇತ್ತು, ಗುಡ್ಡ ಜಾರಿ ಹೋಯಿತು ಎಂದ ಅವನು.

"ಪಾಪ. ತಾಯಿ ಯಾಕೆ ಅಗುಳಿ ಹಾಕಿದಳಂತೆ?"

ಹೊರಗೆ ಕೆಸರಿತ್ತು, ಮಗು ಹಿಂದೆ ಬಂದು ಜಾರಿ ಬೀಳದಿರಲಿ ಎಂದು ಹಾಕಿದಳು ಎಂದು ಹೇಳಿದ.



"ಹಾಗಾದರೆ ಅವಳ ತಪ್ಪೇನೂ ಇಲ್ಲವಲ್ಲ," ಎಂದಳು. "ಅವಳಿಗೆ ಯಾರಾದರೂ ಅದನ್ನು ಹೇಳಬೇಕಾಗಿತ್ತು."

ಅವನು ಹೊಸ್ತಿಲ ಮೇಲೆ ಕೂತೇ ಇದ್ದ. ಅವಳು ಮುಖ ತಿರುಗಿಸಿ, ಬಿಟ್ಟಲ್ಲಿಂದ ಮತ್ತೆ ಗುನುಗತೊಡಗಿದಳು.